ಹೊಲಿಗೆ ಕಾಣಲಿ ಬಿಡಿ

ಹಳೇ ಮನೆ ರಿಪೇರಿಗೆ ಕೈ ಹಾಕಿದವರನ್ನು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಹೇಳುವುದು ಒಂದೇ ಮಾತು: "ಹೊಸದು ಯಾವುದು, ಹಳೆಯದು ಯಾವುದು ಅಂತ ಗೊತ್ತಾಗಬಾರದು, ಹಾಗೆ ಬೆರೆತುಹೋಗಬೇಕು." ನನಗಂತೂ ಇದು ಒಗ್ಗುವುದಿಲ್ಲ. ಗೊತ್ತಾಗಲಿ. ಚೆನ್ನಾಗೇ ಗೊತ್ತಾಗಲಿ. ಮೊನ್ನೆ ಮಾಡಿಸಿದ ಬೀರುವಿಗೆ ಸ್ಯಾಂಡ್‌ಪೇಪರ್ ಉಜ್ಜಿ ನೂರು ವರ್ಷದ ಮುಪ್ಪು ಬರಿಸುವುದು ಅಲಂಕಾರ ಅಲ್ಲ, ಸುಳ್ಳು.

ಈ ವಿಷಯ ಬಂದಾಗಲೆಲ್ಲ ನನಗೆ ಪ್ಯಾರಿಸ್‌ನ 'ಮೇಸೊನ್ ದ ವೆರ್' ನೆನಪಾಗುತ್ತದೆ. ಗಾಜಿನ ಮನೆ ಅಂತ ಅರ್ಥ. ಒಬ್ಬ ಡಾಕ್ಟರ್ ಕುಟುಂಬ ಹಳೇ ಕಟ್ಟಡ ಕೊಂಡು, ಕೆಡವಿ ಹೊಸದು ಕಟ್ಟಿಸಲು ಹೊರಟಿತ್ತು. ಮೇಲಿನ ಮಹಡಿಯಲ್ಲಿದ್ದ ವಯಸ್ಸಾದ ಬಾಡಿಗೆದಾರಳು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಡಿಸೈನರ್ ಪಿಯರ್ ಶಾರೋ ಏನು ಮಾಡಿದ ಗೊತ್ತಾ? ಆಕೆಯ ಮಹಡಿಯನ್ನು ಉಕ್ಕಿನ ಕಂಬಗಳ ಮೇಲೆ ನಿಲ್ಲಿಸಿ, ಕೆಳಗಿನದನ್ನಷ್ಟೇ ತೆಗೆದು, ಅಲ್ಲಿ ಗಾಜಿನ ಇಟ್ಟಿಗೆಯ ಮನೆ ಕಟ್ಟಿದ. 1932ರಲ್ಲಿ ಕೆಲಸ ಮುಗಿಯಿತು. ಕಂಬಗಳನ್ನು ಅವನು ಮುಚ್ಚಲಿಲ್ಲ. ಹಾಲಿನ ನಡುವೆ ರಿವೆಟ್ ಸಮೇತ ನಿಂತಿವೆ. ಅಜ್ಜಿಯ ಹಟವೇ ಆ ಮನೆಯ ಡಿಸೈನ್ ಆಗಿಬಿಟ್ಟಿತು, ಅಲ್ವಾ?

ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ 1978ರಲ್ಲಿ ಅಮೆರಿಕದ ಸ್ಯಾಂಟಾ ಮೋನಿಕಾದ ತನ್ನ ಹಳೇ ಮನೆಯ ಸುತ್ತ ತಗಡು, ತಂತಿ ಬೇಲಿ ಸುತ್ತಿದ. ಅಕ್ಕಪಕ್ಕದವರು ಸಿಟ್ಟಾದರು. ನೋಡಿದರೆ ನನಗೂ ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ಆದರೆ ಒಂದು ಜಾಗ ಮಾತ್ರ ತುಂಬಾ ಇಷ್ಟ. ಅಡುಗೆಮನೆಯನ್ನು ಹಳೇ ಗೋಡೆಯ ಆಚೆಗೆ ಕಟ್ಟಿದ್ದರಿಂದ, ಒಂದು ಕಾಲದಲ್ಲಿ ಹೊರಗೆ ನೋಡುತ್ತಿದ್ದ ಕಿಟಕಿ ಈಗ ಒಲೆಯ ಕಡೆ ನೋಡುತ್ತದೆ. ಅಲ್ಲಿನ ನೆಲವೋ, ರಸ್ತೆಗೆ ಹಾಕುವ ಡಾಂಬರು!

ಹಳೇ ಸ್ಮಾರಕಗಳನ್ನು ಹೇಗೆ ಕಾಪಾಡಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಒಪ್ಪಂದಪತ್ರ, 1964ರ ವೆನಿಸ್ ಚಾರ್ಟರ್, ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಊಹೆ ಶುರುವಾದ ಕಡೆ ರಿಪೇರಿ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದರ ಮೇಲೆ ಅದರ ಕಾಲದ ಗುರುತು ಇರಬೇಕು. ಸ್ಮಾರಕಗಳಿಗೆ ಬರೆದ ಮಾತು, ನಿಜ. ಮನೆಗೇಕೆ ಬೇಡ?

ಹೊಸದು ಎದ್ದು ಕಾಣಲಿ ಅಂದ ಮಾತ್ರಕ್ಕೆ ಹಳೆಯದರ ಉಸಿರು ಕಟ್ಟಿಸಬಾರದು. ಇದನ್ನು ನಾನು ಪೆಟ್ಟು ತಿಂದೇ ಕಲಿತಿದ್ದು. ನಮ್ಮ ಹಾಲಿನ ಗೋಡೆ ಸುಣ್ಣದ ಗಾರೆಯದ್ದು. ಕಡುನೀಲಿ ಬೇಕು ಅಂತ ಆಸೆಪಟ್ಟೆ. ಪೇಂಟರ್ ಪ್ಲಾಸ್ಟಿಕ್ ಪೇಂಟ್ ಬಳಿದು ಹೋದ. ಒಂದೇ ಮಳೆಗಾಲ, ಅಂಗೈ ಅಗಲದ ಗುಳ್ಳೆಗಳು. ಒತ್ತಿದರೆ ಒಳಗೆ ಹಿಟ್ಟಿನಂಥ ಪುಡಿ. ಸುಣ್ಣದ ಗೋಡೆ ತೇವ ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ನಾವು ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ್ದೆವು, ಅಷ್ಟೇ.

ಎಲ್ಲಾ ಕೆರೆದು, ಎರಡನೇ ಸಲ ಸುಣ್ಣದ ನೀರಿಗೇ ಬಣ್ಣ ಕಲಸಿದೆವು. ಸುಣ್ಣದ ಖಾರ ಎಲ್ಲಾ ಬಣ್ಣಕ್ಕೂ ಆಗಿಬರುವುದಿಲ್ಲ. ಕಾವಿ, ಹಳದಿ ಮಣ್ಣು, ಕಬ್ಬಿಣದ ಕೆಂಪು ತಡೆದುಕೊಳ್ಳುತ್ತವೆ. ಹಾಗಾಗಿ ನೀಲಿ ಹೋಗಿ ಇಟ್ಟಿಗೆ ಕೆಂಪು ಬಂತು. ಹಸಿ ಇದ್ದಾಗ ರಕ್ತದ ಹಾಗೆ ಕಾಣುತ್ತಿತ್ತು, ನಾನು ಹೆದರಿ ರಾತ್ರಿ ನಿದ್ದೆಗೆಟ್ಟೆ. ಒಣಗಿದ ಮೇಲೆ ಎಷ್ಟೋ ತಿಳಿಯಾಯಿತು. ಅದರ ಮುಂದೆ ಒಂದು ಹೊಳೆಯುವ ಸ್ಟೀಲ್ ಟೇಬಲ್ ಇಟ್ಟಿದ್ದೇನೆ. ಮುಲಾಜೇ ಇಲ್ಲದ ಟೇಬಲ್. ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ಗೋಡೆ ಮುಟ್ಟುತ್ತಾರೆ.

ಅಂದ ಹಾಗೆ, ಹಳೇ ಬಾಗಿಲಿನ ಪೇಂಟನ್ನು ಸುಮ್ನೆ ಉಜ್ಜಲು ಹೋಗಬೇಡಿ. ಸೀಸ ಇರಬಹುದು, ಧೂಳು ಮಕ್ಕಳಿಗೆ ವಿಷ. ಮೊದಲು ಪರೀಕ್ಷೆ ಮಾಡಿಸಿ.

ಒಳಕೋಣೆಯ ಬಾಗಿಲಿಗೆ ನಿಂಬೆ ಹಳದಿ ಹೊಡೆಸಿದೆವು. ದಾರಂದದ ಒಂದು ಬದಿಗೆ ಬಂದಾಗ ಪೇಂಟರ್ ಬ್ರಷ್ ಎತ್ತಿ ಹಿಡಿದು ಕೇಳಿದ, "ಇದನ್ನೂ ಮುಚ್ಚಿಬಿಡ್ಲಾ?" ಬಗ್ಗಿ ನೋಡಿದೆ. ಪೆನ್ಸಿಲ್ ಗೆರೆಗಳು. ಯಾವುದೋ ಮಗುವಿನ ಎತ್ತರ, ಏಳು ಗೆರೆ. ಮೊದಲನೆಯದು ನನ್ನ ಸೊಂಟಕ್ಕೂ ಕೆಳಗೆ, ಕೊನೆಯದು ಭುಜದ ಹತ್ತಿರ. ಅಷ್ಟು ಮರವನ್ನು ಹಾಗೇ ಬಿಟ್ಟು, ಸುತ್ತ ಟೇಪ್ ಅಂಟಿಸಿ ಹಳದಿ ಹೊಡೆದ.