ಆ ಕಾಲದವರು ಪೆದ್ದರಂತೆ!

ನಿನ್ನೆ ತಂಗಿಯ ಮೊಮ್ಮಗಳ ನಾಮಕರಣ. ಒಬ್ಬಟ್ಟಿನ ಊಟ ಮುಗಿಸಿ, ಜಮಖಾನದ ಮೇಲೆ ಗೋಡೆಗೊರಗಿ, ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದೆ. ತಂಗಿಯ ಕಿರಿ ಮಗ ಮೊಬೈಲ್ ಹಿಡಿದು ಬಂದ. “ಮಾವ, ಇದು ನೋಡಿ. ನಿಮ್ಮ ಲೈನ್‌ದೇ.”

ಒಂದು ರೀಲು. ವಿಕ್ಟೋರಿಯಾ ರಾಣಿ ಕಾಲದ ಔಷಧಿಗಳು. ಮಗು ಅಳದಿರಲಿ ಅಂತ ಅಫೀಮಿನ ಸಿರಪ್. ನರದೌರ್ಬಲ್ಯಕ್ಕೆ ಕರೆಂಟ್ ಬೆಲ್ಟು. ಎಲ್ಲ ಕಾಯಿಲೆಗೂ ಒಂದೇ ಮಾತ್ರೆ. ಒಂದೊಂದಕ್ಕೂ ಹಿಂದಿನಿಂದ ನಗುವಿನ ಸದ್ದು ಬೇರೆ. ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. “ಎಂಥಾ ಪೆದ್ದರಪ್ಪ ಆ ಕಾಲದವರು!” ನಾನೂ ಹಲ್ಲು ಕಿರಿದೆ. ಶುಭ ಕಾರ್ಯದ ಮನೆಯಲ್ಲಿ ಜಗಳ ಯಾಕೆ ಅಂತ.

ರಾತ್ರಿ ನಿದ್ದೆ ಬರಲಿಲ್ಲ. ಒಬ್ಬಟ್ಟು ಜಾಸ್ತಿ ಆಗಿದ್ದೂ ಇರಬಹುದು. ಆದರೆ ಆ “ಪೆದ್ದರು” ಅನ್ನೋ ಮಾತು ತಲೆಯಲ್ಲಿ ಗುಯ್ಗುಡುತ್ತಲೇ ಇತ್ತು. ಇಪ್ಪತ್ತನಾಲ್ಕು ವರ್ಷದಿಂದ ಮೆಡಿಕಲ್ ಶಾಪ್ ಕೌಂಟರಿನ ಹಿಂದೆ ನಿಂತವನು ನಾನು. ಔಷಧಿ ಕೊಳ್ಳೋರ ಮುಖ ಎಷ್ಟು ನೋಡಿದ್ದೀನಿ! ಪೆದ್ದುತನದಿಂದ ಕೊಳ್ಳೋರು ಬಹಳ ಕಡಿಮೆ. ನೋವಿಗೆ ಕೊಳ್ತಾರೆ, ಭಯಕ್ಕೆ ಕೊಳ್ತಾರೆ. ಸೋಮವಾರ ಕೆಲಸಕ್ಕೆ ಹೋಗಲೇಬೇಕು ಅಂತ ಕೊಳ್ತಾರೆ.

ರೀಲಿನಲ್ಲಿ ಬಂದಿದ್ದ ಬೀಚಮ್ಸ್ ಪಿಲ್ಸ್ ವಿಷಯವನ್ನೇ ತಗೊಳ್ಳಿ. ಥಾಮಸ್ ಬೀಚಮ್ ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದ ಹುಡುಗ. ಆಮೇಲೆ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಊರಿನಲ್ಲಿ ಕೂತು ಇಡೀ ದೇಶಕ್ಕೆ ಮಾತ್ರೆ ಮಾರಿದ. ತಲೆನೋವು, ತಲೆಸುತ್ತು, ಹೊಟ್ಟೆಯುಬ್ಬರ, ಕೊನೆಗೆ ಕೆಟ್ಟ ಕನಸಿಗೂ ಅದೇ ಮಾತ್ರೆ. “ಒಂದು ಡಬ್ಬಿಗೆ ಒಂದು ಗಿನಿ ಬೆಲೆ ಬಾಳುತ್ತದೆ” ಅನ್ನೋದು ಜಾಹೀರಾತು. ಗಿನಿ ಅಂದರೆ 21 ಶಿಲಿಂಗ್. ಕೊಡುತ್ತಿದ್ದದ್ದು ಒಂದು ಶಿಲಿಂಗ್ ಒಂದೂವರೆ ಪೆನ್ನಿಗೆ. ಎಂಥಾ ಉದಾರಿ!

1909ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಇಂಥ ಗುಟ್ಟಿನ ಔಷಧಿಗಳನ್ನೆಲ್ಲ ಪರೀಕ್ಷೆ ಮಾಡಿಸಿ ಒಂದು ಪುಸ್ತಕವನ್ನೇ ತಂದಿತು. ಬೀಚಮ್ ಮಾತ್ರೆಯಲ್ಲಿ ಸಿಕ್ಕಿದ್ದು ಮೂರೇ ವಸ್ತು. ಲೋಳೆಸರದ ಒಣಗಿಸಿದ ರಸ, ಶುಂಠಿ, ಸಾಬೂನು. ಅಂದರೆ ಭೇದಿ ಮಾಡಿಸುವ ಮಾತ್ರೆ. 56 ಮಾತ್ರೆಯ ಡಬ್ಬಿಗೆ ಸಾಮಗ್ರಿ ಖರ್ಚು ಸುಮಾರು ಅರ್ಧ ಫಾರ್ದಿಂಗ್. ಲೆಕ್ಕ ಹಾಕಿದೆ. (ಅಂಗಡಿಯವನು ಅಲ್ವಾ, ಹಾಕದೆ ಇರೋಕೆ ಆಗಲ್ಲ.) ಶಿಲಿಂಗಿಗೆ 12 ಪೆನ್ನಿ, ಪೆನ್ನಿಗೆ 4 ಫಾರ್ದಿಂಗ್. ಮಾರಾಟದ ಬೆಲೆಯ 108ರಲ್ಲಿ ಒಂದು ಪಾಲು ಮಾತ್ರ ಅಸಲು. ಅಷ್ಟೋತ್ತರವೇ ಆಯಿತು! ನನಗೆ ಸಿಗೋ ಹದಿನಾರು ಇಪ್ಪತ್ತು ಪರ್ಸೆಂಟಿಗೆ ಜನ “ಡಿಸ್ಕೌಂಟ್ ಇಲ್ವಾ?” ಅಂತಾರೆ.

ಈಗ ಕೇಳಿ, ಆ ಒಂದೂವರೆ ಪೆನ್ನಿ ಯಾಕೆ? ಅದು ತೆರಿಗೆ. 1783ರಿಂದ ಇಂಥ ಔಷಧಿಗಳ ಮೇಲೆ ಸರ್ಕಾರ ಸ್ಟಾಂಪ್ ಸುಂಕ ಹಾಕಿತ್ತು. ಪ್ರತಿ ಡಬ್ಬಿಗೂ ಸರ್ಕಾರದ ಸ್ಟಾಂಪ್ ಅಂಟಿರುತ್ತಿತ್ತು. ಹಳ್ಳಿಯ ಮನುಷ್ಯ ಅದನ್ನು ನೋಡಿ ಏನಂದುಕೊಂಡಾನು? ಸರ್ಕಾರ ನೋಡಿ ಒಪ್ಪಿದ ಔಷಧಿ ಅಂದುಕೊಂಡ. “ಈ ಸ್ಟಾಂಪ್ ಸರ್ಕಾರದ ಗ್ಯಾರಂಟಿ ಅಲ್ಲ” ಅಂತ ಮುಂದೆ ಸ್ಟಾಂಪಿನ ಮೇಲೆಯೇ ಅಚ್ಚು ಹಾಕಬೇಕಾಯಿತು. ಅಷ್ಟು ಹೊತ್ತಿಗೆ ಮಾರುವವರು ಕೋಟ್ಯಧೀಶರಾಗಿದ್ದರು. ಹಾಲೋವೇ ಮಾತ್ರೆಯ ಥಾಮಸ್ ಹಾಲೋವೇ ದುಡ್ಡಿನಲ್ಲಿ ಅರಮನೆಯಂಥ ಕಾಲೇಜು ಎದ್ದಿತು. 1886ರಲ್ಲಿ ಅದನ್ನು ಉದ್ಘಾಟಿಸಿದವರು ಸ್ವತಃ ವಿಕ್ಟೋರಿಯಾ ರಾಣಿ. ಸರ್ಕಾರ ಸ್ಟಾಂಪ್ ಹಾಕಿತು, ರಾಣಿ ಬಂದು ಹೋದರು, ನಂಬಿದ ಮನುಷ್ಯ ಪೆದ್ದ. ಸರಿ.

ಇಂಥ ಗುಟ್ಟಿನ ಔಷಧಿಗಳಿಗೆ ಇದ್ದ “ಪೇಟೆಂಟ್ ಔಷಧಿ” ಅನ್ನೋ ಹೆಸರೇ ಒಂದು ತಮಾಷೆ. ಬಹುಪಾಲು ಔಷಧಿಗಳಿಗೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕು ಅಂದರೆ ಒಳಗೆ ಏನಿದೆ ಅಂತ ಬರೆದು ಕೊಡಬೇಕು. ಅದೇ ಅವರಿಗೆ ಬೇಡವಾಗಿದ್ದದ್ದು. 1868ರಲ್ಲಿ ಫಾರ್ಮಸಿ ಕಾಯಿದೆ ಬಂತು. ನನ್ನಂಥ ಅಂಗಡಿಯವನು ಅಫೀಮು ಕೊಟ್ಟರೆ “ವಿಷ” ಅಂತ ಚೀಟಿ ಅಂಟಿಸಬೇಕು. ಅದೇ ಅಫೀಮು ಪೇಟೆಂಟ್ ಔಷಧಿಯ ಬಾಟಲಿಯಲ್ಲಿ ಇದ್ದರೆ? ಕಾಯಿದೆಯಿಂದ ವಿನಾಯಿತಿ! ಇದನ್ನು ಓದಿದಾಗ ನನಗೆ ಆದ ಉರಿಗೆ ಯಾವ ಮಾತ್ರೆಯೂ ಸಾಲದು.

ಮಗುವಿಗೆ ಅಫೀಮು ಕುಡಿಸಿದ ತಾಯಂದಿರನ್ನು ನೋಡಿ ಎಲ್ಲರೂ ಜಾಸ್ತಿ ನಕ್ಕರು. ನನಗೆ ಜಾಸ್ತಿ ಸಿಟ್ಟು ಬಂದದ್ದೂ ಅಲ್ಲೇ. ಗಾಡ್‌ಫ್ರೀಸ್ ಕಾರ್ಡಿಯಲ್ ಅಂತ ಒಂದಿತ್ತು. ಕಾಕಂಬಿಯಲ್ಲಿ ಅಫೀಮು ಕಲಸಿದ ಸಿಹಿ ನೀರು. ಮ್ಯಾಂಚೆಸ್ಟರ್, ನಾಟಿಂಗ್‌ಹ್ಯಾಮ್ ಕಡೆ ಹೆರಿಗೆಯಾದ ಹೆಂಗಸು ಬೇಗನೆ ಮಿಲ್ಲಿಗೆ ಹೋಗಬೇಕು. ಮಗುವನ್ನು ನೋಡಿಕೊಳ್ಳಲು ಒಬ್ಬ ಮುದುಕಿ. ಆ ಮುದುಕಿ ಕೈಲಿ ಇನ್ನೂ ನಾಲ್ಕೈದು ಮಕ್ಕಳು. ಒಂದು ಚಮಚ ಕುಡಿಸಿದರೆ ಮಗು ತಣ್ಣಗೆ ಮಲಗುತ್ತದೆ. ಹಸಿವೂ ಕೇಳುವುದಿಲ್ಲ. ಬಡಕಲಾಗಿ, ಒಂದು ದಿನ ಏಳುವುದೇ ಇಲ್ಲ. ಅಮೆರಿಕದಿಂದ ಬಂದ ಮಿಸೆಸ್ ವಿನ್ಸ್‌ಲೋ ಸಿರಪ್ಪಿನಲ್ಲಿ ಇದ್ದದ್ದು ಅಫೀಮಿನಿಂದಲೇ ತೆಗೆದ ಮಾರ್ಫಿನ್. ಲೇಬಲ್ ಮೇಲೆ ಮಾತ್ರ ಅದರ ಹೆಸರಿಲ್ಲ. ಹೆಸರಿಲ್ಲದ್ದನ್ನು ಆ ತಾಯಿ ಹೇಗೆ ಓದಬೇಕಿತ್ತು?

ನಗುತ್ತಿದ್ದವರಲ್ಲಿ ನಮ್ಮ ದೊಡ್ಡಮ್ಮನೂ ಇದ್ದರು. ಮನೆಯ ಅಷ್ಟೂ ಮಕ್ಕಳಿಗೆ ಗ್ರೈಪ್ ವಾಟರ್ ಕುಡಿಸಿ ಬೆಳೆಸಿದವರು. ಅದೂ ನಾಟಿಂಗ್‌ಹ್ಯಾಮ್‌ನದೇ. 1851ರಲ್ಲಿ ವಿಲಿಯಂ ವುಡ್‌ವರ್ಡ್ ಮಾಡಿದ್ದು. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಒಂದಿಷ್ಟು ಆಲ್ಕೋಹಾಲು. ಈಗ ಆಲ್ಕೋಹಾಲು ತೆಗೆದಿದ್ದಾರೆ, ಆ ಮಾತು ಬೇರೆ. ಹಾಗಂತ ದೊಡ್ಡಮ್ಮ ಪೆದ್ದರಾ? ಹಾಗೆ ಅನ್ನೋ ಧೈರ್ಯ ಇರೋರು ಅವರ ಎದುರು ನಿಂತು ಹೇಳಲಿ.

ಒಬ್ಬರು ಕೇಳಬಹುದು, ಡಾಕ್ಟರುಗಳು ಇರಲಿಲ್ವಾ, ಅವರ ಮಾತು ಕೇಳಬಹುದಿತ್ತಲ್ಲ ಅಂತ. ಇದ್ದರು ಸ್ವಾಮಿ. ಜಿಗಣೆ ಕಚ್ಚಿಸಿ ರಕ್ತ ತೆಗೆಯುತ್ತಿದ್ದರು. ಪಾದರಸದ ಕ್ಯಾಲೊಮೆಲ್ ನುಂಗಿಸುತ್ತಿದ್ದರು. ಅದಕ್ಕೆ ಫೀಸು ಬೇರೆ. ಭಾರತದಲ್ಲಿ ಬ್ರಿಟಿಷ್ ಸೈನ್ಯದ ಡಾಕ್ಟರಾಗಿದ್ದ ಕಾಲಿಸ್ ಬ್ರೌನ್ ಕಾಲರಾಗೆ ಅಂತ ಕ್ಲೋರೊಡೈನ್ ಮಾಡಿದ. ಅಫೀಮು, ಗಾಂಜಾ, ಕ್ಲೋರೋಫಾರ್ಮ್. ಡಾಕ್ಟರೇ ಅಲ್ವಾ? ಇನ್ನು ಪತ್ರಿಕೆ ಓದಿ ತಿಳಿದುಕೊಳ್ಳಬಹುದಿತ್ತು ಅಂತೀರಾ? ಪತ್ರಿಕೆ ನಡೆಯುತ್ತಿದ್ದದ್ದೇ ಈ ಔಷಧಿಗಳ ಜಾಹೀರಾತಿನ ದುಡ್ಡಲ್ಲಿ. ಮೇಲೆ ಹೇಳಿದ 1909ರ ಪುಸ್ತಕ ಇದೆಯಲ್ಲ, ಅದರ ಜಾಹೀರಾತನ್ನು ಹಾಕಲು ಹಲವು ಪತ್ರಿಕೆಗಳು ಒಪ್ಪಲೇ ಇಲ್ಲ. ಕೊನೆಗೆ ಪಾರ್ಲಿಮೆಂಟು ಸಮಿತಿ ಮಾಡಿತು. ವರದಿ ಹೊರಬಂದದ್ದು 1914ರ ಆಗಸ್ಟ್ 4ಕ್ಕೆ. ಬ್ರಿಟನ್ ಯುದ್ಧ ಸಾರಿದ ದಿನ! ವರದಿ ಮೂಲೆಗೆ ಬಿತ್ತು. ಒಳಗೇನಿದೆ ಅಂತ ಲೇಬಲ್ ಮೇಲೆ ಬರೆಯಲೇಬೇಕು ಅನ್ನೋ ಕಾನೂನು ಬಂದದ್ದು 1941ರಲ್ಲಿ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಬೆಳಗಿನಿಂದ ಯೋಚನೆ ಮಾಡ್ತಾ ಇದ್ದೆ. ಬರೆದೇಬಿಡ್ತೀನಿ.

ಅಪ್ಪನಿಗೆ ಲಿವರ್ ಕ್ಯಾನ್ಸರ್ ಅಂತ ಗೊತ್ತಾದಾಗ ನಾನೂ ಒಬ್ಬರ ಹತ್ತಿರ ಹೋಗಿದ್ದೆ. ಬೆಳಗಿನ ಜಾವ ಮೊದಲ ಬಸ್ಸು ಹಿಡಿದು, ಕ್ಯೂನಲ್ಲಿ ಐದು ಗಂಟೆ ನಿಂತು. ಬೂದು ಬಣ್ಣದ ಪುಡಿ, ಪೇಪರ್ ಪೊಟ್ಟಣ, 15 ದಿನಕ್ಕೆ ಆರು ಸಾವಿರ. ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಹಾಕುವಂತಿಲ್ಲ ಅಂತ ನಮ್ಮಲ್ಲಿ 1954ರ ಕಾಯಿದೆ ಇದೆ. ನನ್ನ ಪರೀಕ್ಷೆಗೆ ಬಂದಿದ್ದ ಪ್ರಶ್ನೆ ಅದು. ಆತ ಜಾಹೀರಾತು ಹಾಕಿರಲಿಲ್ಲ. ಹಾಕುವ ಅಗತ್ಯವೇ ಇರಲಿಲ್ಲ. ಬಿ.ಫಾರ್ಮ ಓದಿದ ನಾನು, ಕೆಮ್ಮಿನ ಸಿರಪ್ಪಿಗೂ ಬ್ಯಾಚ್ ನಂಬರ್ ನೋಡುವ ನಾನು, “ಇದರಲ್ಲಿ ಏನಿದೆ?” ಅಂತ ಕೇಳಲಿಲ್ಲ. ಮರೆತದ್ದಲ್ಲ. ಕೇಳಿದರೆ ಆತ ಉತ್ತರ ಕೊಟ್ಟುಬಿಡುತ್ತಾನೇನೋ ಅಂತ ಹೆದರಿಕೆ.

ರಾತ್ರಿ ನಿದ್ದೆ ಬರದೆ ಒದ್ದಾಡುತ್ತಿದ್ದಾಗ ಮಗಳಿಗೆ ಫೋನ್ ಮಾಡಿದೆ. ಲಾ ಓದ್ತಿದ್ದಾಳೆ, ಎಲ್ಲರಿಗೂ ಗೊತ್ತಲ್ಲ. “ಪಪ್ಪಾ, ನಿಮಗೆ ಸ್ಮೋಕ್ ಬಾಲ್ ಕೇಸ್ ಗೊತ್ತಾ?” ಅಂದಳು. ಕಾಂಟ್ರ್ಯಾಕ್ಟ್ ಪಾಠದಲ್ಲಿ ಮೊದಲ ವರ್ಷವೇ ಬರುತ್ತಂತೆ. ಒಂದು ರಬ್ಬರ್ ಚೆಂಡು, ಒಳಗೆ ಕಾರ್ಬಾಲಿಕ್ ಪುಡಿ. ಅದುಮಿದರೆ ಮೂಗಿಗೆ ಹೊಗೆ. ಹೇಳಿದಂತೆ ಬಳಸಿಯೂ ಇನ್‌ಫ್ಲುಯೆಂಝಾ ಬಂದರೆ 100 ಪೌಂಡ್ ಕೊಡ್ತೀವಿ, 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೀವಿ ಅಂತ ಕಂಪನಿಯ ಜಾಹೀರಾತು. ಲೂಯಿಸಾ ಕಾರ್ಲಿಲ್ ಅನ್ನೋ ಹೆಂಗಸು 1891ರ ನವೆಂಬರಿನಲ್ಲಿ ಕೊಂಡಳು. ದಿನಕ್ಕೆ ಮೂರು ಸಲದಂತೆ ಎರಡು ತಿಂಗಳು ಬಿಡದೆ ಮೂಗಿಗೆ ಹಿಡಿದಳು. ಜನವರಿಯಲ್ಲಿ ಇನ್‌ಫ್ಲುಯೆಂಝಾ ಬಂತು. ದುಡ್ಡು ಕೇಳಿದಳು. ಕಂಪನಿ ಕೋರ್ಟಿನಲ್ಲಿ ಏನಂತು ಗೊತ್ತಾ? ಅದು ಸುಮ್ನೆ ಜಾಹೀರಾತಿನ ಬಡಾಯಿ, ಅದನ್ನು ಯಾರು ನಿಜ ಅಂದುಕೊಳ್ತಾರೆ ಅಂತ!

ನೋಡಿ, ನಂಬಿದವಳದೇ ತಪ್ಪು ಅನ್ನೋ ಮಾತನ್ನು ಮೊದಲು ಹೇಳಿದ್ದು ಮಾರಿದವನು. ನಿನ್ನೆ ಜಮಖಾನದ ಮೇಲೆ ಕೂತು ನಕ್ಕವರೆಲ್ಲ ಗೊತ್ತಿಲ್ಲದೆ ಆ ಕಂಪನಿ ಕಡೆ ವಕಾಲತ್ತು ಹಾಕಿದ ಹಾಗಾಯಿತು. ಜಡ್ಜುಗಳು ಒಪ್ಪಲಿಲ್ಲ. ಕಾರ್ಲಿಲ್ ಗೆದ್ದಳು.

“ಆಮೇಲೆ ಕಂಪನಿ ಏನು ಮಾಡ್ತು ಕೇಳಿ ಪಪ್ಪಾ” ಅಂದಳು ಮಗಳು. ಬಹುಮಾನವನ್ನು 200 ಪೌಂಡಿಗೆ ಏರಿಸಿ ಹೊಸ ಜಾಹೀರಾತು ಹಾಕಿತಂತೆ. ಸಾವಿರಾರು ಚೆಂಡು ಮಾರಿದ್ದೇವೆ, ಬಹುಮಾನ ಕೇಳಿದವರು ಬರೀ ಮೂರು ಜನ, ಔಷಧಿ ಕೆಲಸ ಮಾಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಅಂತ. ಮಗಳು ಆ ಕಡೆ ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಅಪ್ಪ ಹೋದ ಮೇಲೆ ಆ ಪುಡಿ ಕೊಟ್ಟವರಿಗೆ ಫೋನ್ ಮಾಡಿ ಹೇಳಿದ್ದೆ. ಅವರು ಒಂದು ಕ್ಷಣ ಸುಮ್ಮನಿದ್ದು ಕೇಳಿದರು, “ಡಾಕ್ಟ್ರು ಎಷ್ಟು ಟೈಮ್ ಕೊಟ್ಟಿದ್ರು?”

“ಎರಡು ತಿಂಗಳು.”

“ನಾಲ್ಕು ತಿಂಗಳು ಇದ್ರಲ್ವಾ ಮತ್ತೆ?”

ನಾನು ಹೌದು ಅಂದೆ.