ಪರ್ಮನೆಂಟ್ ಮಾರ್ಕರ್ ಅಂತೆ!

ಪೆನ್ ಮೈಮೇಲೆ ದಪ್ಪಕ್ಷರದಲ್ಲಿ ಪರ್ಮನೆಂಟ್ ಅಂತ ಬರ್ದಿತ್ತು, ನಂಬ್ಬಿಟ್ಟೆ. ವರ್ಷವರ್ಷವೂ ಕಾಂಟ್ರ್ಯಾಕ್ಟ್ ರಿನ್ಯೂ ಆಗುತ್ತೋ ಇಲ್ವೋ ಅಂತ ಜಪಾನಲ್ಲಿ ಉಗುರು ಕಚ್ಕೊಂಡು ಕೂರೋ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧಕ) ನಾನು, ಕೈಯಲ್ಲಿರೋ ಪೆನ್ನಾದ್ರೂ ಪರ್ಮನೆಂಟ್ ಇರ್ಲಿ ಅಂತ ಆಸೆಪಟ್ಟಿದ್ದು ತಪ್ಪಾ ಹೇಳಿ. ನಿನ್ನೆ ಬೆಳಿಗ್ಗೆ ನೋಡಿದ್ರೆ ಆ ಪೆನ್ನಲ್ಲಿ ಗುರುತು ಬರ್ದಿಟ್ಟಿದ್ದ ನಾಲ್ಕೂ ಗಾಜಿನ ಸೀಸೆ ಬೋಳು ಬೋಳು. ಒಂದರಲ್ಲಿ ಬರೀ ನೀರು ಹಾಕಿದ ಆರೋಗ್ಯವಂತ ಪೈನ್ ಸಸಿಯ ಚೂರು, ಮಿಕ್ಕ ಮೂರರಲ್ಲಿ ಪೈನ್ ಮರ ಒಣಗಿಸೋ ಹುಳ ಬಿಟ್ಟು ಒಂದು ದಿನ, ಮೂರು ದಿನ, ಏಳು ದಿನ ಆದಮೇಲೆ ಕೊಯ್ದ ಚೂರು. ಯಾವುದು ಯಾವುದು? ದೇವರಿಗೇ ಗೊತ್ತು.

ಆಗಿದ್ದಿಷ್ಟೇ. ಮೊನ್ನೆ ರಾತ್ರಿ ಅಸಿಟೋನ್ (ನೈಲ್‌ಪಾಲಿಷ್ ಅಳಿಸೋ ದ್ರಾವಣ) ಸುರೀವಾಗ ಸೀಸೆ ಹೊರಗಡೆ ಒಂಚೂರು ಸೋರ್ತು, ನಮ್ಮನೆ ಸಂಸ್ಕಾರ ನೋಡಿ, ಟಿಶ್ಯೂ ತಗೊಂಡು ನಾಲ್ಕನ್ನೂ ನೀಟಾಗಿ ಒರೆಸಿ, ರಾತ್ರಿಯಿಡೀ ಜಾತ್ರೆ ತೊಟ್ಟಿಲ ಥರ ಸುತ್ತೋ ಯಂತ್ರಕ್ಕೆ ಸಿಕ್ಕಿಸಿ ಮಲಗೋಕೆ ಹೋದೆ. ಆ ಟಿಶ್ಯೂ ನೀಲಿ ಆಗಿದ್ದನ್ನ ನೋಡಿದ್ನಾ? ಇಲ್ಲ. ಆಸ್ಮಿಯಮ್ ಅನ್ನೋ ಕಪ್ಪು ಹತ್ತಿಸೋ ರಾಸಾಯನಿಕದಲ್ಲಿ ಅದ್ದಿದಮೇಲೆ ಮರದ ಚೂರುಗಳೆಲ್ಲ ಕರ್ರಗೆ, ಒಂದೊಂದು ಮಿಲಿಮೀಟರ್, ಥೇಟ್ ಒಗ್ಗರಣೆ ಸಾಸಿವೆ. ಸಾಸಿವೆಗೆ ಸಾಸಿವೆ ಗುರುತು ಹಿಡೀರಿ ನೋಡೋಣ.

ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗೊತ್ತಾಗಲ್ವಾ ಅಂತ ಎಲ್ರೂ ಕೇಳ್ತಾರೆ. ಅಯ್ಯೋ, ಮೊದಲ ಕೆಲವು ದಿನಕ್ಕೆ ಜೀವಕೋಶದೊಳಗೆ ಏನಾದ್ರೂ ಬದಲಾಗುತ್ತಾ ಅಂತ ಕಂಡುಹಿಡಿಯೋದೇ ಪ್ರಯೋಗ ಸ್ವಾಮಿ! ನೋಡ್ಕೊಂಡು ಲೇಬಲ್ ಹಚ್ಚಿ, ಆಮೇಲೆ ಲೇಬಲ್ ನೋಡ್ಕೊಂಡು ರಿಸಲ್ಟ್ ಬರೆದ್ರೆ ಅದು ಸೈನ್ಸ್ ಅಲ್ಲ, ಜಾತಕ.

ಇನ್ನು ಮೈಕ್ರೋಸ್ಕೋಪ್ ರೂಮ್ ನೋಡ್ಕೊಳ್ಳೋ ಹಿರಿಯರು. ನಾನು ಮನಸ್ಸಲ್ಲೇ ಅವರಿಗೆ ಮೆಣಸಿನಕಾಯಿ ಮಾವ ಅಂತ ಹೆಸರಿಟ್ಟಿದ್ದೀನಿ. ಕೆಟ್ಟ ಸುದ್ದಿ ಏನೇ ಇರ್ಲಿ ಬಾಯಲ್ಲಿ ಹೇಳಲ್ಲ, ತಲೆ ಒಂದು ಕಡೆ ವಾಲಿಸಿ, ಹಲ್ಲಿನ ಸಂದಿಯಿಂದ ಗಾಳಿ ಎಳ್ಕೋತಾರೆ, ಸ್ಸ್ಸ್... ಅಂತ, ಮೆಣಸಿನಕಾಯಿ ಬಜ್ಜಿ ಕಚ್ಚಿದವರ ಹಾಗೆ. ಇಲ್ಲಿ ಸುಮಾರು ಜನಕ್ಕೆ ಈ ಅಭ್ಯಾಸ ಇದೆ, ಆದ್ರೆ ಇವರದ್ದು ಶಾಸ್ತ್ರೀಯ ಸಂಗೀತ. ಚಿಕ್ಕ ಸ್ಸ್ ಅಂದ್ರೆ ಇವತ್ತು ಮೈಕ್ರೋಸ್ಕೋಪ್ ಸ್ಲಾಟ್ ಇಲ್ಲ. ಎರಡು ಸಲ ಸ್ಸ್ ಸ್ಸ್ ಅಂದ್ರೆ ವಜ್ರದ ಚಾಕುವಿನ ಅಂಚಿಗೆ ಏಟಾಗಿದೆ, ಮುಟ್ಟಿದವರು ಯಾರು? ಆ ಚಾಕುವಲ್ಲೇ ಮರದ ಚೂರನ್ನ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗೆ ಕೊಯ್ಯೋದು, ಕೊಯ್ದ ಹಾಳೆ ನೀರಿನ ಮೇಲೆ ತೇಲುತ್ತೆ, ಅದನ್ನ ಅತ್ತಿತ್ತ ಸರಿಸೋಕೆ ಕಡ್ಡಿ ತುದಿಗೆ ಅಂಟಿಸಿದ ಕಣ್ಣಿನ ರೆಪ್ಪೆಕೂದಲು. ಕೋಟಿಗಟ್ಟಲೆ ಯಂತ್ರ, ಕೊನೇಗೆ ನಿಂತಿರೋದು ಮಾವನ ರೆಪ್ಪೆ ಮೇಲೆ. ನಂದು ಕೊಡ್ತೀನಿ ಅಂದಿದ್ದೆ ಒಂದ್ಸಲ, ಸುರುಳಿ ಜಾಸ್ತಿ ಅಂತ ಸ್ಸ್ ಅಂದ್ರು.

ನಿನ್ನೆ ಬೋಳು ಸೀಸೆಗಳನ್ನ ತೋರಿಸಿದೆ. ಆಹಾ, ಆ ಸ್ಸ್ಸ್ಸ್ಸ್ ಎಷ್ಟುದ್ದ ಇತ್ತು ಅಂದ್ರೆ ರೂಮಿನ ಆಕ್ಸಿಜನ್ ಕಮ್ಮಿ ಆಯ್ತೇನೋ ಅನ್ನಿಸ್ತು. ಮೊದಲ ದಿನವೇ ಅವರು ಹೇಳಿದ್ರು, ಪೆನ್ಸಿಲಲ್ಲಿ ಬರ್ದು ಚೀಟೀನ ಸೀಸೆ ಒಳಗೇ ಹಾಕು ಅಂತ. ಯಾವ ಕಾಲದವರಪ್ಪ ಅಂತ ಒಳಗೊಳಗೇ ನಕ್ಕಿದ್ದೆ.

ರಾತ್ರಿ ಅಮ್ಮನಿಗೆ ಫೋನ್. ಅಮ್ಮನ ಲೆಕ್ಕದಲ್ಲಿ ನಾನು ಮರದ ಜಂತುಹುಳದ ಡಾಕ್ಟ್ರು, ನೆಂಟರಿಗೆಲ್ಲ ಹಾಗೇ ಹೇಳಿರೋದು. ತಪ್ಪೂ ಅಲ್ಲ ಬಿಡಿ, ಒಂದು ಮಿಲಿಮೀಟರ್ ಕೂಡ ಇಲ್ಲದ ಹುಳ, ಉದ್ದ ಮೀಸೆಯ ಜೀರುಂಡೆಯ ಉಸಿರುನಾಳದಲ್ಲಿ ಕೂತು ಬಂದು ಮರಕ್ಕೆ ಇಳ್ಯುತ್ತೆ, ಮರದೊಳಗೆ ನೀರು ಹತ್ತೋದು ನಿಲ್ಲುತ್ತೆ, ಬೇಸಿಗೆ ಕಳಿಯೋಷ್ಟರಲ್ಲಿ ದೊಡ್ಡ ಮರ ಕೆಂಪಗೆ ಒಣಗಿ ನಿಂತಿರುತ್ತೆ. 1905ರಲ್ಲೇ ನಾಗಸಾಕಿಯಲ್ಲಿ ಈ ಸಾವು ಶುರುವಾದ್ರೂ, ಹುಳದ ಕೈವಾಡ ಅಂತ ಸಾಬೀತಾಗಿದ್ದು 1971ರಲ್ಲಿ, ಅಲ್ಲೀವರೆಗೆ ಬೈಸ್ಕೊಂಡಿದ್ದು ತೊಗಟೆ ಕೊರೆಯೋ ಕೀಟಗಳು. "ಜಂತುಹುಳ ತಾನೇ, ಮರಕ್ಕೂ ಔಷಧಿ ಕೊಟ್ರಾಯ್ತಪ್ಪ" ಅಂತ ಅಮ್ಮ ಹೋದ ವರ್ಷ ಹೇಳಿದಾಗ ನಕ್ಕಿದ್ದೆ, ಆಮೇಲೆ ನೋಡಿದ್ರೆ ಮೊರಾಂಟೆಲ್ ಅಂತ ದನಕರುಗಳಿಗೆ ಕೊಡೋ ಜಂತಿನ ಔಷಧಿನೇ ಇಲ್ಲಿ ಪೈನ್ ಕಾಂಡಕ್ಕೆ ಇಂಜೆಕ್ಷನ್ ಮಾಡ್ತಾರೆ! ಅದೂ ರೋಗ ಬರೋಕ್ಮುಂಚೆ ಕೊಟ್ಟಿರ್ಬೇಕು ಅಷ್ಟೇ. ಪೆನ್ಸಿಲ್ ಮಾತಿಗೆ ನಕ್ಕೆ, ಔಷಧಿ ಮಾತಿಗೂ ನಕ್ಕೆ.

ಸೀಸೆ ಕಥೆ ಹೇಳ್ದೆ. "ಅಷ್ಟು ಓದಿದ್ದೀಯ, ಡಬ್ಬ ಗುರುತಿಟ್ಕೊಳ್ಳೋಕೆ ಬರಲ್ವಾ" ಅಂದ್ಲು. ನಮ್ಮನೆ ಅಡುಗೆಮನೆ ಕಣ್ಮುಂದೆ ಬಂತು. ಹಾರ್ಲಿಕ್ಸ್ ಬಾಟಲಲ್ಲಿ ಜೀರಿಗೆ, ಬೋರ್ನ್‌ವಿಟಾ ಡಬ್ಬದಲ್ಲಿ ಕಡ್ಲೆಬೇಳೆ, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಸೂಜಿ ದಾರ, ಒಂದಕ್ಕೂ ಲೇಬಲ್ ಇಲ್ಲ, ಕರೆಂಟ್ ಹೋದ ಕತ್ತಲಲ್ಲೂ ಅಮ್ಮನ ಕೈ ನೇರ ಸಾಸಿವೆಗೇ ಹೋಗ್ತಿತ್ತು. ಈಗ ಅವಳೊಬ್ಬಳೇ ಇರೋದು, ಅಷ್ಟು ಡಬ್ಬ ಯಾಕೆ ತುಂಬಿಸಿಡ್ತಾಳೋ.

"ಯಾವಾಗ ಬರ್ತೀಯ ಊರಿಗೆ? ಯುಗಾದಿಗೆ ಅಂದಿದ್ದೆ" ಅಂದ್ಲು. ಹೊಸ ಸಸಿಗೆ ಹುಳ ಬಿಡ್ಬೇಕು, ಮತ್ತೆ ಕೊಯ್ಬೇಕು, ಮತ್ತೆ ಅದ್ದಬೇಕು, ಲೆಕ್ಕ ಹಾಕ್ತಾ ಹಾಕ್ತಾ ತಲೆ ತಾನಾಗೇ ಒಂದು ಕಡೆ ವಾಲ್ತು, ಹಲ್ಲಿನ ಸಂದಿಯಿಂದ ಸ್ಸ್ಸ್ಸ್... ಅಂತ ಬಂತು.

"ಏನು, ಖಾರ ತಿಂದ್ಯಾ? ನೀರು ಕುಡಿ ಮೊದ್ಲು" ಅಂದ್ಲು ಅಮ್ಮ.