ಕೊಲೆಯಾದರೆ ಅಪಘಾತ ವಿಮೆ ಯಾಕೆ ಸಿಗಬಾರದು?

ಕೊಂದವನಿಗೆ ಉದ್ದೇಶ ಇತ್ತು, ಸರಿ. ಸತ್ತವನಿಗೆ ಏನಿತ್ತು? ಎಂದಿನ ಹಾಗೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟಿದ್ದ, ಅಷ್ಟೇ. ಅಂಥವನ ಮನೆಯವರಿಗೆ ‘ಇದು ಬೇಕೆಂದೇ ಮಾಡಿದ ಕೃತ್ಯ, ಅಪಘಾತ ಅಲ್ಲ’ ಎಂದು ಪತ್ರ ಬರೆದು ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಪರಿಚಯದ ಮನೆಯೊಂದಕ್ಕೆ ಇಂಥದ್ದೇ ಪತ್ರ ಬಂದಿದೆ. ಎಫ್‌ಐಆರ್ ಮಲಯಾಳದಲ್ಲಿ, ಪಾಲಿಸಿ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಆ ಹೆಂಗಸು ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಓದಿ ಹೇಳುವವರನ್ನು ಹುಡುಕುತ್ತಿದ್ದರು. ಯಾವುದಕ್ಕೆಲ್ಲ ಹಣ ಕೊಡುವುದಿಲ್ಲ ಎಂಬ ಪಟ್ಟಿಯನ್ನು ಬೆರಳಿಟ್ಟು ಓದಿದೆ. ಆತ್ಮಹತ್ಯೆ, ಯುದ್ಧ, ಕುಡಿದು ಗಾಡಿ ಓಡಿಸುವುದು ಎಲ್ಲ ಇದೆ. ಕೊಲೆ ಎಲ್ಲೂ ಇಲ್ಲ!

ಸುಪ್ರೀಂ ಕೋರ್ಟಿನ 2000ದ ರೀಟಾ ದೇವಿ ತೀರ್ಪು ಇಲ್ಲಿ ಮುಖ್ಯ. 1995ರಲ್ಲಿ ನಾಗಾಲ್ಯಾಂಡಿನ ದಿಮಾಪುರದಲ್ಲಿ ಬಾಡಿಗೆಗೆಂದು ಆಟೋ ಹತ್ತಿದವರು ಚಾಲಕನನ್ನು ಕೊಂದು ಆಟೋ ಕದ್ದರು. ಅವರ ಕಣ್ಣಿದ್ದದ್ದು ಆಟೋ ಮೇಲೆ, ಹಾಗಾಗಿ ಈ ಸಾವು ಅಪಘಾತವೇ ಎಂದು ಕೋರ್ಟು ಹೇಳಿತು. ಅದು ಮೋಟಾರು ವಾಹನ ಕಾಯ್ದೆಯ ಕೇಸು. ಆದರೂ ಬೇರೆ ವಿಮೆಗಳ ಜಗಳದಲ್ಲೂ ಅದನ್ನೇ ಎತ್ತುತ್ತಾರೆ. ಕಂಪನಿಗಳು ಹಿಡಿದುಕೊಳ್ಳುವುದು ಅದೇ ತೀರ್ಪಿನ ಇನ್ನೊಂದು ಮಾತನ್ನು: ಇಂಥವನನ್ನೇ ಮುಗಿಸಬೇಕೆಂದು ಕೊಂದರೆ ಅದು ಬರೀ ಕೊಲೆ.

ನನಗೆ ಒಪ್ಪಿಗೆಯಾಗದ್ದು ಇದೇ. ಕೊಂದವನ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನನ್ನು ಜೈಲಿಗೆ ಹಾಕಲು ಬೇಕು. ಸತ್ತವನ ಹೆಂಡತಿಗೆ ಹಣ ಕೊಡಲು ಅದು ಯಾಕೆ ಬೇಕು? ಪ್ರೀಮಿಯಂ ಕಟ್ಟಿದ್ದು ಕೊಲೆಗಾರ ಅಲ್ವಲ್ಲ. ತಾನೇ ಕತ್ತಿ ಹಿಡಿದು ಜಗಳಕ್ಕೆ ಹೋದವನ ವಿಷಯ ಬೇರೆ. ನಾಮಿನಿಯೇ ಕೊಂದಿದ್ದರೆ ಅವನಿಗೆ ಬಿಡಿಗಾಸೂ ಸಲ್ಲದು. ಕೊಲೆಗೆ ಹಣವಿಲ್ಲ ಎಂದು ಪಾಲಿಸಿಯಲ್ಲೇ ಬರೆದಿದ್ದರೆ ವಾದ ಕಷ್ಟ, ಅದೂ ನಿಜ.

ಆದರೆ ನೋಡಿ, ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಆತ್ಮಹತ್ಯೆಗೆ ಹಣವಿಲ್ಲ, ಕೊಲೆಗೆ ಇದೆ ಎಂದು ಸರಕಾರವೇ ಸ್ಪಷ್ಟವಾಗಿ ಹೇಳಿದೆ. 2 ಲಕ್ಷ ಸಿಗುತ್ತದೆ. 20 ರೂಪಾಯಿಗೆ ಆಗುವುದು ಸಾವಿರಗಟ್ಟಲೆ ಕಟ್ಟಿಸಿಕೊಂಡವರಿಗೆ ಯಾಕಾಗಲ್ಲ? ಸತ್ತವರ ಬ್ಯಾಂಕ್ ಖಾತೆಯಿಂದ ಈ ಯೋಜನೆಗೆ ಹಣ ಕಡಿತ ಆಗುತ್ತಿತ್ತು ಎಂಬುದೇ ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ. ಪಾಸ್‌ಬುಕ್ ತೆಗೆದು ನೋಡಿ.

ನಿರಾಕರಣೆ ಪತ್ರ ಬಂದವರು ಸುಮ್ನೆ ಕೂರಬೇಡಿ. ಯಾವ ಷರತ್ತಿನ ಪ್ರಕಾರ ಕೊಡುವುದಿಲ್ಲ ಎಂದು ಬರಹದಲ್ಲೇ ಕೇಳಿ. ಕೊಚ್ಚಿಯಲ್ಲಿ ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ) ಕಚೇರಿ ಇದೆ. ಒಂದು ವರ್ಷದೊಳಗೆ ದೂರು ಕೊಡಬೇಕು, ಶುಲ್ಕವಿಲ್ಲ, ವಕೀಲರೂ ಬೇಡ. ಅಲ್ಲಿ ಆಗದಿದ್ದರೆ ಕಾಸರಗೋಡಿನಲ್ಲೇ ಗ್ರಾಹಕ ಆಯೋಗ ಇದೆ. ಅರ್ಜಿ ಬರೆಯಲು ಭಾಷೆ ಅಡ್ಡಬಂದರೆ ಇನ್‌ಬಾಕ್ಸಿಗೆ ಬನ್ನಿ, ಕಾಗದಗಳ ಫೋಟೋ ಕಳಿಸಿ. ಕೂತು ಬರೆದು ಕೊಡುತ್ತೇನೆ.